ಹಲ್ಲು ಕಿತ್ತರೂ ಹೋಗದ ನೋವು

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಊಟ ದವಡೆಗೆ ಕೆಲಸ ಕೊಡುವಂಥದ್ದು. ಕಟಕ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ, ಹಸಿ ಉಳ್ಳಾಗಡ್ಡಿ. ಯಾವುದನ್ನೂ ಹಾಗೇ ನುಂಗಲು ಬರುವುದಿಲ್ಲ, ಜಗಿಯಲೇಬೇಕು. ಇಂಥ ಮನೆಯಲ್ಲಿ ಹಿರಿಯರೊಬ್ಬರು ರೊಟ್ಟಿ ಬಿಟ್ಟು ಹಾಲು ಅನ್ನ ಕಲಸಿ ಕೊಡಿ ಎಂದರೆ ಎಲ್ಲರ ಅನುಮಾನ ಹೋಗುವುದು ಹಲ್ಲಿನ ಮೇಲೆ. ಅವರು ಬೆರಳಿಟ್ಟು ತೋರಿಸುವುದೂ ಹಲ್ಲನ್ನೇ. ‘ಕರೆಂಟ್ ಹೊಡದಂಗ ಆಗ್ತದ್ರಿ’ ಎನ್ನುತ್ತಾರೆ. ಜಗಿದರೆ ಹೊಡೆಯುತ್ತದೆ, ಮುಖ ತೊಳೆದರೆ ಹೊಡೆಯುತ್ತದೆ, ಗಡ್ಡ ಮಾಡಿಕೊಂಡರೆ, ಬೈಕಿನ ಮೇಲೆ ಕೂತಾಗ ಕೆನ್ನೆಗೆ ಗಾಳಿ ಬಡಿದರೆ ಹೊಡೆಯುತ್ತದೆ. ಕೆಲವು ಸೆಕೆಂಡು, ಹೆಚ್ಚೆಂದರೆ ಎರಡು ನಿಮಿಷ. ಆಮೇಲೆ ಏನೂ ಆಗಿಲ್ಲವೆಂಬಂತೆ ಮುಖ ತಣ್ಣಗಿರುತ್ತದೆ, ಮುಂದಿನ ಹೊಡೆತದವರೆಗೆ.

ಹಲ್ಲು ಕೀಳಿಸುತ್ತಾರೆ. ನೋವು ಹೋಗುವುದಿಲ್ಲ. ಪಕ್ಕದ ಹಲ್ಲನ್ನೂ ಕೀಳಿಸುತ್ತಾರೆ. ಕಲಬುರಗಿಗೆ ಹೋಗುತ್ತಾರೆ, ಗಡಿಗೆ ಹತ್ತಿರವಿರುವವರು ಸೊಲ್ಲಾಪುರಕ್ಕೂ ಹೋಗುತ್ತಾರೆ. ಯಾರಾದರೊಬ್ಬ ವೈದ್ಯ ಹಲ್ಲನ್ನು ಬಿಟ್ಟು ನರದ ಬಗ್ಗೆ ಯೋಚಿಸುವ ಹೊತ್ತಿಗೆ ಬಾಯಿಯ ಒಂದು ಬದಿ ಅರ್ಧ ಖಾಲಿಯಾಗಿರುವುದುಂಟು. ಈ ಕಾಯಿಲೆಯ ಹೆಸರು ಟ್ರೈಜೆಮಿನಲ್ ನ್ಯೂರಾಲ್ಜಿಯಾ. ಬೇರೆ ದೇಶಗಳ ಸಮೀಕ್ಷೆಗಳ ಪ್ರಕಾರ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು 4ರಿಂದ 13 ಮಂದಿಗೆ ಇದು ಹೊಸದಾಗಿ ಬರುತ್ತದೆ. ಹೆಚ್ಚಿನವರು ಐವತ್ತು ದಾಟಿದವರು, ಅವರಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚು. 2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಯ ಜನಸಂಖ್ಯೆ 25 ಲಕ್ಷ ದಾಟಿತ್ತು. ಅದೇ ಪ್ರಮಾಣ ಇಲ್ಲಿಗೂ ಹೊಂದುತ್ತದೆ ಎಂದುಕೊಂಡರೆ ಜಿಲ್ಲೆಯಲ್ಲಿ ವರ್ಷಕ್ಕೆ ನೂರರಿಂದ ಮುನ್ನೂರು ಹೊಸ ರೋಗಿಗಳು ಎಂದಾಯಿತು. ಅಪರೂಪದ ರೋಗವೇ ಸರಿ, ಆದರೆ ಒಬ್ಬ ದಂತವೈದ್ಯ ಜನ್ಮದಲ್ಲಿ ಒಮ್ಮೆಯೂ ಕಾಣದಷ್ಟು ಅಪರೂಪವಲ್ಲ.

ಹಲ್ಲು ಕಿತ್ತು ಮೋಸಹೋಗುವುದನ್ನು ಹಿಂದುಳಿದ ತಾಲೂಕುಗಳ ಕತೆ ಎಂದು ತಳ್ಳಿಹಾಕುವವರು 1677ರ ಪ್ಯಾರಿಸ್ಸಿಗೆ ಹೋಗಬೇಕು. ಆ ವರ್ಷದ ಡಿಸೆಂಬರಿನಲ್ಲಿ ಫ್ರಾನ್ಸಿನಲ್ಲಿದ್ದ ಇಂಗ್ಲೆಂಡಿನ ರಾಯಭಾರಿಯ ಹೆಂಡತಿ, ನಾರ್ಥಂಬರ್ಲೆಂಡಿನ ಕೌಂಟೆಸ್, ಮುಖದ ಒಂದು ಬದಿಯ ನೋವಿನಿಂದ ಕಿರುಚಾಡುತ್ತಿದ್ದಳು. ಅಲ್ಲಿನ ವೈದ್ಯರು ಆಗಲೇ ಹಲ್ಲು ಕೀಳಿಸಿದ್ದರು. ಗುಣವಾಗಿರಲಿಲ್ಲ. ಆಗ ಕರೆಸಿದ್ದು ಜಾನ್ ಲಾಕ್‌ನನ್ನು. ಮುಂದೆ ತತ್ತ್ವಜ್ಞಾನಿಯೆಂದು ಜಗತ್ತು ಓದಿದ ಅದೇ ಲಾಕ್, ಕಲಿತದ್ದು ವೈದ್ಯಕೀಯ. ನೋವು ಹೇಗೆ ಥಟ್ಟನೆ ಬಂದು ಥಟ್ಟನೆ ಹೋಗುತ್ತದೆ, ಮಾತಾಡಲು ಬಾಯಿ ತೆರೆದರೆ ಸಾಕು ಹೇಗೆ ಕೆರಳುತ್ತದೆ, ಮುಖ ಹೇಗೆ ಕಿವಿಯತ್ತ ಸೆಳೆದುಕೊಳ್ಳುತ್ತದೆ ಎಂದು ಅವನು ಲಂಡನ್ನಿನ ವೈದ್ಯಮಿತ್ರನಿಗೆ ಪತ್ರಗಳಲ್ಲಿ ವಿವರವಾಗಿ ಬರೆದ. ಚಿಕಿತ್ಸೆಯೆಂದು ಅವನು ಕೊಟ್ಟದ್ದು ಭೇದಿಮದ್ದು. ಆದರೂ ಆ ಪತ್ರಗಳನ್ನು ಇವತ್ತಿನ ನರವೈದ್ಯರು ಓದಿದರೆ ರೋಗ ಯಾವುದೆಂದು ತಕ್ಷಣ ಹೇಳುತ್ತಾರೆ.

ನಂತರದ ನೂರು ವರ್ಷದಲ್ಲಿ ರೋಗಕ್ಕೊಂದು ಗುರುತು ಸಿಕ್ಕಿತು. 1756ರಲ್ಲಿ ವರ್ಸೈಯ ಶಸ್ತ್ರವೈದ್ಯ ನಿಕೊಲಾ ಆಂದ್ರೆ ಇದು ಹಲ್ಲಿನದ್ದಲ್ಲ, ಬೇರೆಯದೇ ರೋಗ ಎಂದ. 1773ರಲ್ಲಿ ಲಂಡನ್ನಿನ ಜಾನ್ ಫೋದರ್‌ಗಿಲ್ ತಾನು ಕಂಡ ಸುಮಾರು 14 ರೋಗಿಗಳ ಲಕ್ಷಣಗಳನ್ನು ವೈದ್ಯರ ಸಭೆಯ ಮುಂದೆ ಇಟ್ಟ. ಆಂದ್ರೆ ಕೆನ್ನೆಯ ನರವನ್ನು ಸುಡುವ ಔಷಧ ಹಚ್ಚಿದ, ಫೋದರ್‌ಗಿಲ್ ಇದು ಕ್ಯಾನ್ಸರ್ ಸಂಬಂಧದ್ದಿರಬಹುದೆಂದ. ಇಬ್ಬರ ಕಾರಣವೂ ಸುಳ್ಳಾಯಿತು, ಇಬ್ಬರ ವರ್ಣನೆ ಉಳಿಯಿತು.

ನರ ಎಂದಾಯಿತು, ಸರಿ. ಯಾವ ನರ? ಇಲ್ಲಿ ಶಸ್ತ್ರವೈದ್ಯರು ಮಾಡಿದ ಅನಾಹುತ ದಂತವೈದ್ಯರದ್ದಕ್ಕಿಂತ ದೊಡ್ಡದು. ಮುಖಕ್ಕೆ ಎರಡು ದೊಡ್ಡ ನರಗಳು ಬರುತ್ತವೆ. ಮಿದುಳಿನಿಂದ ಹೊರಡುವ ಐದನೆಯದು ಮತ್ತು ಏಳನೆಯದು. ಎರಡಕ್ಕೂ ಒಂದೇ ಕೆಲಸವೆಂದು ತಿಳಿದಿದ್ದ ಕಾಲದಲ್ಲಿ ಮುಖದ ನೋವಿಗೆಂದು ಏಳನೆಯ ನರವನ್ನು ಕತ್ತರಿಸಿದವರಿದ್ದಾರೆ. ರೋಗಿ ಎದ್ದಾಗ ಬಾಯಿ ಸೊಟ್ಟಗಾಗಿರುತ್ತಿತ್ತು, ಕಣ್ಣುರೆಪ್ಪೆ ಮುಚ್ಚುತ್ತಿರಲಿಲ್ಲ, ನೋವು ಮಾತ್ರ ಇದ್ದಲ್ಲೇ ಇರುತ್ತಿತ್ತು. 1820ರ ದಶಕದಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಬೆಲ್ ಕತ್ತೆಗಳ ಮುಖದ ನರಗಳನ್ನು ಒಂದೊಂದಾಗಿ ಕತ್ತರಿಸಿ ನೋಡಿದ. ಏಳನೆಯದು ಹೋದರೆ ಮುಖದ ಸ್ನಾಯು ಅಲ್ಲಾಡುವುದು ನಿಂತಿತು, ಐದನೆಯದು ಹೋದರೆ ಸ್ಪರ್ಶ ತಿಳಿಯುವುದು ನಿಂತಿತು. ಅವನ ತಪ್ಪುಗಳನ್ನು ಬೇರೆಯವರು ತಿದ್ದಿದರು. ಹಣೆ, ಕೆನ್ನೆ, ದವಡೆ ಎಂದು ಮೂರು ಕವಲಾಗಿ ಹರಡುವ ಐದನೆಯ ನರವೇ ಟ್ರೈಜೆಮಿನಲ್. ಹಲ್ಲುಗಳ ಬೇರಿಗೂ ಅದೇ ಹೋಗುತ್ತದೆ. ಅಂದ ಮೇಲೆ ನರದ ಬುಡದಲ್ಲಿ ಕೆಟ್ಟರೂ ನೋಯುವುದು ಹಲ್ಲೇ.

ನಮ್ಮ ಕಡೆಯ ಖಾರವೂ ಬಾಯಿಗೆ ತಿಳಿಯುವುದು ಈ ನರದಿಂದಲೇ, ರುಚಿಯ ನರದಿಂದಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನರದ ತುದಿಯಲ್ಲಿರುವ ಒಂದು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. 1997ರಲ್ಲಿ ಡೇವಿಡ್ ಜೂಲಿಯಸ್‌ರ ಪ್ರಯೋಗಾಲಯ ಅದನ್ನು ಹಿಡಿದಾಗ ಗೊತ್ತಾಯಿತು, ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯೂ ಅದನ್ನೇ ತೆರೆಯುತ್ತದೆ. ಖಾರ ತಿಂದರೆ ಬಾಯಿ ‘ಸುಡುವುದು’ ಅದಕ್ಕೇ. ಹಗುರ ಸ್ಪರ್ಶವನ್ನು ತಿಳಿಸುವ ಇನ್ನೊಂದು ಪ್ರೋಟೀನನ್ನು ಆರ್ಡೆಮ್ ಪಟಪೌಟಿಯನ್ ತಂಡ 2010ರಲ್ಲಿ ಗುರುತಿಸಿತು. 2021ರ ನೊಬೆಲ್ ಈ ಇಬ್ಬರಿಗೆ ಹಂಚಿಹೋಯಿತು. ಆದರೆ ನಮ್ಮ ರೋಗಿಯ ವಿಚಿತ್ರ ನೋಡಿ. ಅವರನ್ನು ಕೆಡವುವುದು ಗಾಳಿ, ನೀರು, ರೇಜರಿನ ತುದಿಯಂಥ ಹಗುರ ಸ್ಪರ್ಶ. ಅದೇ ಜಾಗವನ್ನು ಗಟ್ಟಿಯಾಗಿ ಒತ್ತಿದರೆ ಎಷ್ಟೋ ಸಲ ಏನೂ ಆಗುವುದಿಲ್ಲ. ಸ್ಪರ್ಶದ ತಂತು ನೋವಿನ ತಂತುವನ್ನು ಎಬ್ಬಿಸುತ್ತಿದೆ ಎಂದಾಯಿತು. ಎಲ್ಲಿ?

ಉತ್ತರ ಹುಡುಕಿದವರು ತಲೆಬುರುಡೆಯ ಒಳಕ್ಕೆ ಇಳಿದರು. 1890ರ ಸುಮಾರಿಗೆ ನರದ ಗಂಟನ್ನೇ ಕಿತ್ತು ತೆಗೆಯುವ ಶಸ್ತ್ರಚಿಕಿತ್ಸೆ ಬಂತು. ನೋವು ಹೋಗುತ್ತಿತ್ತು, ಜತೆಗೆ ಮುಖದ ಅರ್ಧ ಭಾಗ ಮರಗಟ್ಟುತ್ತಿತ್ತು, ಎಷ್ಟೋ ಜನರ ಪ್ರಾಣವೂ ಹೋಗುತ್ತಿತ್ತು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿದ್ದ ವಾಲ್ಟರ್ ಡ್ಯಾಂಡಿ ದಾರಿ ಬದಲಿಸಿ ತಲೆಯ ಹಿಂಭಾಗದಿಂದ ಹೋಗಿ, ಮಿದುಳಿನ ಕಾಂಡದಿಂದ ನರ ಹೊರಬೀಳುವ ಜಾಗದಲ್ಲೇ ಅದನ್ನು ಸ್ವಲ್ಪ ಕತ್ತರಿಸುತ್ತಿದ್ದ. ಬೇರೆಯವರು ಕಾಣದ್ದು ಅವನಿಗೆ ಕಂಡದ್ದು ಈ ದಾರಿಯಿಂದಾಗಿ. 1934ರಲ್ಲಿ ಅವನು 215 ರೋಗಿಗಳ ಲೆಕ್ಕ ಬರೆದ. ಸುಮಾರು ಮೂರನೆಯ ಒಂದು ಪಾಲು ಜನರಲ್ಲಿ ಕಿರುಮಿದುಳಿಗೆ ರಕ್ತ ಒಯ್ಯುವ ಅಪಧಮನಿಯೊಂದು ನರದ ಬುಡಕ್ಕೆ ಒತ್ತಿಕೊಂಡಿತ್ತು. ಇನ್ನು ಕೆಲವರಲ್ಲಿ ಅಭಿಧಮನಿ, ಕೆಲವರಲ್ಲಿ ಗಡ್ಡೆ. ರೋಗದ ಕಾರಣ ಇದೇ ಇರಬೇಕೆಂದು ಬರೆದೂ ಅವನು ನರ ಕತ್ತರಿಸುವುದನ್ನು ಬಿಡಲಿಲ್ಲ, ರಕ್ತನಾಳವನ್ನು ಸರಿಸಲು ಹೋಗಲಿಲ್ಲ. ಅವನ ಮಾತನ್ನು ಹೆಚ್ಚಿನವರು ನಂಬಲೂ ಇಲ್ಲ. ಅಷ್ಟು ಆಳದ, ಅಷ್ಟು ಸಣ್ಣ ಜಾಗವನ್ನು ಬರಿಗಣ್ಣಲ್ಲಿ ನೋಡಿ ಹೇಳಿದ್ದನ್ನು ಇನ್ನೊಬ್ಬರು ಪರೀಕ್ಷಿಸುವುದಾದರೂ ಹೇಗೆ? ಕ್ಲೀವ್‌ಲ್ಯಾಂಡಿನ ಗಾರ್ಡ್ನರ್ 1959ರಲ್ಲಿ ಅಪಧಮನಿಗೂ ನರಕ್ಕೂ ನಡುವೆ ಸ್ಪಂಜಿನ ಚೂರು ಇಟ್ಟು ನೋಡಿದ್ದುಂಟು. ಅದೂ ಹೆಚ್ಚು ಸದ್ದು ಮಾಡಲಿಲ್ಲ.

1960ರ ದಶಕದ ನಡುವೆ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ ಪೀಟರ್ ಜನೆಟಾ ಎಂಬ ಯುವಕ ನರಶಸ್ತ್ರವೈದ್ಯನಾಗಲು ಕಲಿಯುತ್ತಿದ್ದ. ದಂತವೈದ್ಯ ವಿದ್ಯಾರ್ಥಿಗಳಿಗೆ ತಲೆಯ ನರಗಳನ್ನು ತೋರಿಸಲು ಒಂದು ಶವದ ತಲೆಯನ್ನು ಬಿಡಿಸಿಡುವ ಕೆಲಸ ಅವನ ಪಾಲಿಗೆ ಬಂತು. ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕ ಆಗ ಹೊಸದು. ಅದರಡಿ ಐದನೆಯ ನರದ ಬುಡವನ್ನು ಬಿಡಿಸುವಾಗ ಅವನಿಗೆ ಆ ಜಾಗದ ರಚನೆ ಪುಸ್ತಕದಲ್ಲಿ ಇಲ್ಲದಷ್ಟು ವಿವರವಾಗಿ ಕಂಡಿತು. ದಂತವೈದ್ಯರಿಗಾಗಿ ಮಾಡಿದ ಕೆಲಸದಿಂದಲೇ ಈ ನೋವು ಹಲ್ಲಿನಿಂದ ಬಿಡಿಸಿಕೊಂಡದ್ದು ನನಗೆ ಈ ಇಡೀ ಕತೆಯ ಸೊಗಸಾದ ತಿರುವು ಅನ್ನಿಸುತ್ತದೆ. ಅದೇ ಸೂಕ್ಷ್ಮದರ್ಶಕವನ್ನು ಅವನು ರೋಗಿಗಳ ಮೇಲೆ ತಿರುಗಿಸಿದ. ಡ್ಯಾಂಡಿಯ ಅಪಧಮನಿ ಅಲ್ಲೇ ಇತ್ತು, ನಾಡಿ ಬಡಿದಾಗಲೆಲ್ಲ ನರವನ್ನು ಗುದ್ದುತ್ತ. 1966ರ ಹೊತ್ತಿಗೆ ನರಕ್ಕೆ ಚಾಕು ಮುಟ್ಟಿಸದೆ ರಕ್ತನಾಳವನ್ನಷ್ಟೇ ಪಕ್ಕಕ್ಕೆ ಸರಿಸಿ, ನಡುವೆ ಮೆತ್ತೆಯಿಟ್ಟು ಮುಚ್ಚುವ ಕ್ರಮ ಶುರುವಾಯಿತು. ಮೊದಮೊದಲು ಸ್ಪಂಜು, ಮುಂದೆ ಟೆಫ್ಲಾನ್.

ಹಿರಿಯರು ನಕ್ಕರು. ಸತ್ತವರ ತಲೆಯಲ್ಲೂ ರಕ್ತನಾಳ ನರಕ್ಕೆ ತಾಗಿರುತ್ತದಲ್ಲ, ಅವರಿಗೆ ನೋವಿರಲಿಲ್ಲವಲ್ಲ ಎಂದರು. ಪ್ರಶ್ನೆ ನ್ಯಾಯವಾದದ್ದೇ, ಅದಕ್ಕೆ ಪೂರ್ತಿ ಉತ್ತರ ಇವತ್ತಿಗೂ ಇಲ್ಲ. ಜನೆಟಾ ವಾದ ಬಿಟ್ಟು ಲೆಕ್ಕ ಇಟ್ಟ. ಪಿಟ್ಸ್‌ಬರ್ಗ್‌ಗೆ ಹೋಗಿ ಎರಡು ದಶಕ ಶಸ್ತ್ರಚಿಕಿತ್ಸೆ ಮಾಡಿ, 1996ರಲ್ಲಿ ತಂಡದೊಂದಿಗೆ ಪ್ರಕಟಿಸಿದ ಫಲಿತಾಂಶದಲ್ಲಿ 1,185 ರೋಗಿಗಳ ಮುಂದಿನ ಬದುಕಿನ ದಾಖಲೆ ಇತ್ತು. ಹತ್ತು ವರ್ಷ ಕಳೆದ ಮೇಲೂ ಶೇ. 70ರಷ್ಟು ಜನ ಮಾತ್ರೆಯಿಲ್ಲದೆ, ನೋವಿಲ್ಲದೆ ಇದ್ದರು. ನಗು ನಿಂತಿತು.

ಒತ್ತಡಕ್ಕೂ ನೋವಿಗೂ ಸಂಬಂಧ ಏನೆಂಬುದನ್ನು ನಮ್ಮ ಹೊಲದ ಪಂಪ್‌ಸೆಟ್ ನೋಡಿದವರಿಗೆ ಹೇಳುವುದು ಸುಲಭ. ವಯರಿನ ಮೇಲಿನ ರಬ್ಬರು ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಸವೆದರೆ ಒಂದರ ಕರೆಂಟು ಪಕ್ಕದ ವಯರಿಗೆ ಹಾರುತ್ತದೆ. ನರತಂತುಗಳ ಮೇಲೂ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ. ಅಪಧಮನಿ ಬಡಿದ ಜಾಗದಲ್ಲಿ ಅದು ಸವೆದಿರುವುದು ಸೂಕ್ಷ್ಮದರ್ಶಕದಲ್ಲಿ ಕಂಡಿದೆ. ಸ್ಪರ್ಶದ ತಂತುವಿನ ಸಂಕೇತ ನೋವಿನ ತಂತುವಿಗೆ ದಾಟುವುದು ಅಲ್ಲಿ. ಗಾಯಗೊಂಡ ನರ ಯಾರೂ ಮುಟ್ಟದೆಯೂ ತಾನೇ ಸಂಕೇತ ಕಳಿಸುತ್ತದೆ ಎಂಬುದನ್ನು ಪ್ಯಾಟ್ರಿಕ್ ವಾಲ್ ಮತ್ತು ಮೈಕೆಲ್ ಗುಟ್ನಿಕ್ 1974ರಲ್ಲಿ ಇಲಿಗಳ ಕತ್ತರಿಸಿದ ನರದಲ್ಲಿ ತೋರಿಸಿದ್ದರು. ಮಾರ್ಷಲ್ ಡೆವರ್ ಮತ್ತು ಝ್ವಿ ರಾಪಪೋರ್ಟ್ 1990ರ ದಶಕದಲ್ಲಿ ಇವನ್ನು ಜೋಡಿಸಿ, ಒಂದು ತಂತು ಹೊತ್ತಿಕೊಂಡರೆ ಸುತ್ತಲಿನವು ಹೇಗೆ ಹೊತ್ತಿಕೊಂಡು ಮತ್ತೆ ಹೇಗೆ ಆರುತ್ತವೆ ಎಂದು ವಿವರಿಸಿದರು. ನೋವು ಕೆಲವೇ ಸೆಕೆಂಡು ಇರುವುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಸದ್ಯ ಇಲ್ಲ.

ಲಾಕ್‌ನಿಂದ ಜನೆಟಾವರೆಗೆ ಮುಂದೆ ಹೋದವರೆಲ್ಲ ಮಾಡಿದ್ದು ಒಂದೇ: ರೋಗಿಯ ನೋವನ್ನು ಪೂರ್ತಿ ನಂಬಿದರು, ರೋಗಿಯ ಬೆರಳನ್ನು ನಂಬಲಿಲ್ಲ. ಎಡವಿದವರು ಎರಡು ಬಗೆ. ಬೆರಳು ತೋರಿಸಿದ್ದನ್ನು ಕಿತ್ತವರು ಒಂದು. ಹಲ್ಲಿನಲ್ಲಿ ಏನೂ ಕಾಣದಿದ್ದಾಗ ನೋವೇ ಇಲ್ಲ, ಎಲ್ಲ ಮನಸ್ಸಿನದ್ದು ಎಂದವರು ಇನ್ನೊಂದು. ಎರಡನೆಯವರು ಹೆಚ್ಚು ಕೆಟ್ಟವರೆಂದು ನನ್ನ ಅಭಿಪ್ರಾಯ.

ಇನ್ನು ಮಾತ್ರೆಯ ಕತೆ. ಅದು ತಲೆಬುರುಡೆಯ ಕತೆಗಿಂತ ಸಣ್ಣದು, ಆದರೆ ಜೇವರ್ಗಿಯ ರೋಗಿಗೆ ಹೆಚ್ಚು ಹತ್ತಿರದ್ದು. 19ನೆಯ ಶತಮಾನದ ನಡುವಿನಲ್ಲಿ ಪ್ಯಾರಿಸ್ಸಿನ ಆರ್ಮಾಂ ಟ್ರೂಸೊ ಈ ನೋವಿನ ಹೊಡೆತವನ್ನು ನೋಡಿ, ಇದು ಮೂರ್ಛೆರೋಗದ ಹಾಗೇ ಬರುತ್ತದೆ, ಹಾಗೇ ನಿಲ್ಲುತ್ತದೆ ಎಂದಿದ್ದ. ನೂರು ವರ್ಷ ಅದು ಬರೀ ಮಾತಾಗಿ ಉಳಿಯಿತು. 1942ರಲ್ಲಿ ಫ್ರಾನ್ಸಿನದೇ ಬೆರ್ಗೂಯಿನ್ಯಾಂ ಆ ಮಾತನ್ನು ಅಕ್ಷರಶಃ ತೆಗೆದುಕೊಂಡು ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಕೊಟ್ಟು ನೋಡಿದ. ಕೆಲವರಿಗೆ ಫಲ ಸಿಕ್ಕಿತು. 1953ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಗೈಗಿ ಕಂಪನಿಯ ರಸಾಯನತಜ್ಞ ವಾಲ್ಟರ್ ಶಿಂಡ್ಲರ್ ಒಂದು ಹೊಸ ಸಂಯುಕ್ತ ತಯಾರಿಸಿದ. ಮಾನಸಿಕ ರೋಗಗಳಿಗೆ ಆಗ ಹೆಸರು ಮಾಡಿದ್ದ ಕ್ಲೋರ್‌ಪ್ರೊಮಜಿನ್‌ಗೆ ಎದುರಾಳಿ ಹುಡುಕುವುದು ಕಂಪನಿಯ ಉದ್ದೇಶ. ಆ ಲೆಕ್ಕದಲ್ಲಿ ಅದು ಗೆಲ್ಲಲಿಲ್ಲ, ಫಿಟ್ಸ್ ತಡೆಯುವ ಗುಣ ಮಾತ್ರ ಕಂಡಿತು. ಜಿ-32883 ಎಂಬ ನಂಬರಿನಲ್ಲಿ ಓಡಾಡುತ್ತಿದ್ದ ಅದನ್ನು ಸ್ವೀಡನ್ನಿನ ವೈದ್ಯ ಬ್ಲೋಮ್ ಮುಖದ ನೋವಿನವರಿಗೆ ಕೊಟ್ಟು, 1962ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಎರಡು ಪುಟದ ಟಿಪ್ಪಣಿ ಬರೆದ. ಅದೇ ಕಾರ್ಬಮಜೆಪಿನ್. ಅಮೆರಿಕದಲ್ಲಿ 1968ರಲ್ಲಿ ಅದಕ್ಕೆ ಮೊದಲ ಅನುಮತಿ ಸಿಕ್ಕಿದ್ದು ಮುಖದ ನೋವಿಗೆ, ಫಿಟ್ಸ್‌ಗೆ ಸಿಕ್ಕಿದ್ದು ಆರು ವರ್ಷದ ನಂತರ. ನರತಂತುವಿನ ಸೋಡಿಯಂ ಬಾಗಿಲುಗಳು ಪದೇಪದೇ ತೆರೆಯದಂತೆ ಅದು ಹಿಡಿಯುತ್ತದೆ. ಸುಮ್ಮನಿರುವ ನರಕ್ಕಿಂತ ಹುಚ್ಚೆದ್ದ ನರದ ಮೇಲೆ ಹೆಚ್ಚು ಕೆಲಸ ಮಾಡುವುದು ಅದಕ್ಕೇ.

ಸಾಧಾರಣ ನೋವಿನ ಮಾತ್ರೆಗಳು ಮುಟ್ಟದ ನೋವು ಈ ಮಾತ್ರೆಗೆ ಮೊದಮೊದಲು ಎಷ್ಟು ಚೆನ್ನಾಗಿ ತಗ್ಗುತ್ತದೆಂದರೆ, ತಗ್ಗಿತೇ ಎಂಬುದನ್ನೇ ವೈದ್ಯರು ರೋಗನಿರ್ಣಯಕ್ಕೆ ಸುಳಿವಾಗಿ ಬಳಸುತ್ತಾರೆ. ಬೆಲೆಯೂ ದುಬಾರಿಯಲ್ಲ. ಹಾಗೆಂದು ಅಂಗಡಿಯಲ್ಲಿ ಕೇಳಿ ನುಂಗುವ ಮಾತ್ರೆಯಲ್ಲ. ತಲೆ ಸುತ್ತುತ್ತದೆ, ವಯಸ್ಸಾದವರ ರಕ್ತದಲ್ಲಿ ಸೋಡಿಯಂ ಇಳಿಯಬಹುದು, ಅಪರೂಪಕ್ಕೆ ಚರ್ಮವೇ ಸುಲಿದುಬರುವ ಭೀಕರ ಅಲರ್ಜಿ ಆಗುತ್ತದೆ. ಆ ಅಲರ್ಜಿಗೆ ಒಂದು ವಂಶವಾಹಿಯ ನಂಟಿದೆಯೆಂದು ತೈವಾನಿನ ಸಂಶೋಧಕರು 2004ರಲ್ಲಿ ಕಂಡುಹಿಡಿದರು. ಮೈಮೇಲೆ ಗುಳ್ಳೆ ಕಂಡ ದಿನವೇ ಮಾತ್ರೆ ನಿಲ್ಲಿಸಿ ವೈದ್ಯರ ಹತ್ತಿರ ಓಡಬೇಕು.

ಮಾತ್ರೆ ಸೋತವರಿಗೆ, ತಲೆ ತೆರೆಯುವಷ್ಟು ಕಸುವಿಲ್ಲದ ವೃದ್ಧರಿಗೆ ಮೂರನೆಯ ದಾರಿಯೊಂದಿದೆ. ತಲೆಬುರುಡೆಯ ತಳದಲ್ಲಿ ಫೊರಾಮೆನ್ ಓವಲೆ ಎಂಬ ಮೊಟ್ಟೆಯಾಕಾರದ ರಂಧ್ರವಿದೆ, ದವಡೆಯ ನರ ಹೊರಬರುವುದು ಅದರಲ್ಲಿ. ಕೆನ್ನೆಯಿಂದ ಸೂಜಿ ತೂರಿಸಿ ಅಲ್ಲಿಗೆ ತಲುಪುವುದನ್ನು ಜರ್ಮನಿಯ ಹೆರ್ಟೆಲ್ 1910ರ ದಶಕದಲ್ಲೇ ತೋರಿಸಿದ್ದ. ಈ ರಂಧ್ರಕ್ಕೆ ಕನ್ನಡ ನಾಡಿನ ನಂಟೂ ಇದೆ. ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ, ಅಂದರೆ 1974ರಲ್ಲಿ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ, ನರಶಸ್ತ್ರವೈದ್ಯ ಆರ್. ಎಂ. ವರ್ಮಾ ಪಾರ್ಕಿನ್ಸನ್ ರೋಗಿಗಳ ಮಿದುಳಿನ ಒಳಭಾಗ ಮುಟ್ಟಲು ಬಳಸಿದ್ದು ಇದೇ ದಾರಿ. ತಲೆಗೆ ರಂಧ್ರ ಕೊರೆಯುವುದರ ಬದಲು ದೇವರು ಕೊರೆದಿಟ್ಟ ರಂಧ್ರವನ್ನೇ ಬಳಸಿದರು ಅನ್ನಿ.

ಸ್ಟಾಕ್‌ಹೋಮಿನಲ್ಲಿ ಇದೇ ರಂಧ್ರದಿಂದ ಒಂದು ಆಕಸ್ಮಿಕ ಹೊರಬಂತು. ವಿಕಿರಣದಿಂದ ನರಕ್ಕೆ ಗುರಿಯಿಡಲು ನರದ ಗಂಟು ಎಕ್ಸ್-ರೇಯಲ್ಲಿ ಕಾಣಬೇಕಿತ್ತು. ಅದಕ್ಕಾಗಿ ಸ್ಟೆನ್ ಹೋಕನ್ಸನ್ ಟ್ಯಾಂಟಲಮ್ ಲೋಹದ ಪುಡಿಯನ್ನು ಗ್ಲಿಸರಾಲ್‌ನಲ್ಲಿ ಕಲಸಿ ಸೂಜಿಯಿಂದ ಬಿಟ್ಟ. ವಿಕಿರಣ ಕೊಡುವ ಮೊದಲೇ ರೋಗಿಗಳ ನೋವು ನಿಂತಿತು. ಪುಡಿಯಲ್ಲ, ಅದನ್ನು ಕಲಸಲು ಬಳಸಿದ ಗ್ಲಿಸರಾಲ್ ನೋವನ್ನು ತೆಗೆದಿತ್ತು. 1981ರಲ್ಲಿ ಅವನು ಅದನ್ನೇ ಚಿಕಿತ್ಸೆಯೆಂದು ಪ್ರಕಟಿಸಿದ.

ಆದರೆ ಬಾಯಿಯ ನೋವೆಲ್ಲ ಈ ನೋವಲ್ಲ. ಗುಟ್ಕಾ, ಮಾವಾ, ಅಡಿಕೆ ಜಗಿಯುವವರು ಬಾಯಿ ಉರಿಯುತ್ತದೆ, ಖಾರ ತಿನ್ನಲಾಗದು, ಬಾಯಿ ಪೂರ್ತಿ ತೆರೆಯದು ಎಂದರೆ ಅದು ಬೇರೆಯೇ ರೋಗ. 1952ರಲ್ಲಿ ಶ್ವಾರ್ಟ್ಸ್ ಎಂಬಾತ ಪೂರ್ವ ಆಫ್ರಿಕಾದ ಐವರು ಭಾರತೀಯ ಹೆಂಗಸರಲ್ಲಿ, ಮರುವರ್ಷ ಎಸ್. ಜಿ. ಜೋಶಿ ನಮ್ಮಲ್ಲೇ ಗುರುತಿಸಿದ ಆ ರೋಗದಲ್ಲಿ ಕೆನ್ನೆಯ ಒಳಪದರ ನಾರುಗಟ್ಟುತ್ತದೆ. ಮುಖ್ಯ ಕಾರಣ ಅಡಿಕೆ. ಕೆಳತುಟಿ, ಗದ್ದ ಕಾರಣವಿಲ್ಲದೆ ಮರಗಟ್ಟಿದರೆ ಕ್ಯಾನ್ಸರ್ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು.

ಇನ್ನು ಹಲ್ಲು ಕಿತ್ತಾಗಲೇ ನರಕ್ಕೆ ಪೆಟ್ಟಾದವರಿದ್ದಾರೆ. ಕೆಳದವಡೆಯ ಬುದ್ಧಿಹಲ್ಲಿನ ಬೇರಿಗೆ ನರ ಅಂಟಿಕೊಂಡಂತೆ ಹಾದುಹೋಗುತ್ತದೆ. ಅಲ್ಲಿ ಗಾಯವಾದರೆ ಹೊಡೆತದ ನೋವಲ್ಲ, ದಿನವಿಡೀ ಉರಿ, ಜುಮುಗುಡುವ ಮರಗಟ್ಟು. ಇಂಥವರಲ್ಲಿ ಗಾಯ ಮಾಗಿದ ಮೇಲೂ ನೋವು ಏಕೆ ಉಳಿಯುತ್ತದೆ? ಟೊರೊಂಟೊದ ಬ್ಯಾರಿ ಸೆಸ್ಲ್ ಮತ್ತು ಸಂಗಡಿಗರು ಇಲಿಯ ಹಲ್ಲಿನ ತಿರುಳಿಗೆ ಸಾಸಿವೆ ಎಣ್ಣೆಯ ಖಾರದ ಅಂಶ ಹಚ್ಚಿ, ಮಿದುಳಿನ ಕಾಂಡದಲ್ಲಿ ಟ್ರೈಜೆಮಿನಲ್ ಸಂಕೇತ ಮೊದಲು ತಲುಪುವ ಜಾಗದ ನರಕೋಶಗಳನ್ನು ಆಲಿಸಿದರು. ಹಚ್ಚಿದ್ದು ಒಂದು ಹಲ್ಲಿಗೆ, ಆದರೆ ಆ ಕೋಶಗಳು ಸುತ್ತಲಿನ ಚರ್ಮ ಮುಟ್ಟಿದರೂ ಕೂಗತೊಡಗಿದವು. ಇದರಲ್ಲಿ ನರಕೋಶಗಳಷ್ಟೇ ಇಲ್ಲ, ಅವುಗಳಿಗೆ ಆಸರೆಯೆಂದು ಮಾತ್ರ ತಿಳಿದಿದ್ದ ಆಸ್ಟ್ರೋಸೈಟ್ ಕೋಶಗಳೂ ಸೇರಿದ್ದವು. ಫ್ಲೋರೋಅಸಿಟೇಟ್ ಎಂಬ ರಾಸಾಯನಿಕದಿಂದ ಅವನ್ನು ಸುಮ್ಮನಾಗಿಸಿದಾಗ ಕೂಗು ನಿಂತಿತು.

ದಂತವೈದ್ಯರ ಕುರ್ಚಿಯಿಂದ ಶುರುವಾದ ನೋವು ಹೀಗೆ ಮಿದುಳಿನೊಳಗೆ ಮನೆ ಮಾಡುತ್ತದೆ ಎಂಬುದು ಈಗ ಗೊತ್ತು. ಔಷಧ ಇನ್ನೂ ಇಲ್ಲ. ಫ್ಲೋರೋಅಸಿಟೇಟ್ ಮನುಷ್ಯರಿಗೆ ಕೊಡುವಂಥದ್ದಲ್ಲ, ಅದನ್ನು ಇಲಿ ಪಾಷಾಣವಾಗಿ ಬಳಸುತ್ತಾರೆ. ತಕ್ಕ ಔಷಧ ಸಿಗುವವರೆಗೆ ಇಂಥ ರೋಗಿಗಳ ಚೀಟಿಯಲ್ಲಿ ಇರುವುದು ಖಿನ್ನತೆಗೆಂದು ಬಂದ ಅಮಿಟ್ರಿಪ್ಟಿಲಿನ್, ಫಿಟ್ಸ್‌ಗೆಂದು ಬಂದ ಗ್ಯಾಬಪೆಂಟಿನ್. ಎರಡೂ ಕಾರ್ಬಮಜೆಪಿನ್‌ನ ಹಾಗೆ ಬೇರೆ ರೋಗಗಳಿಂದ ಕಡ ತಂದವು, ಆದರೆ ಕಾರ್ಬಮಜೆಪಿನ್‌ನಷ್ಟು ಖಚಿತವಾಗಿ ಗೆಲ್ಲುವುದಿಲ್ಲ.